ತಪ್ಪು ದನಿ

ಕೆಲಸಕ್ಕೆ ಸೇರಿದ ದಿನವೇ ಮ್ಯಾನೇಜರ್ ನನ್ನ ಡಿಗ್ರಿ ಸರ್ಟಿಫಿಕೇಟು, ಅಂಕಪಟ್ಟಿಗಳು ಎಲ್ಲವನ್ನೂ ಒಂದು ಕಂದು ಲಕೋಟೆಗೆ ಹಾಕಿ, ತಮ್ಮ ಕುರ್ಚಿಯ ಹಿಂದಿದ್ದ ಕಬ್ಬಿಣದ ಬೀರುವಿನಲ್ಲಿಟ್ಟು ಕೀಲಿ ತಿರುಗಿಸಿದರು. "ಇಲ್ಲಿ ಭದ್ರವಾಗಿರುತ್ತವೆ" ಎಂದರು. ಐದು ವರ್ಷ ಕೆಲಸ ಬಿಡುವುದಿಲ್ಲ ಎಂದು ನಾನು ಬಾಂಡಿಗೆ ಸಹಿ ಹಾಕಿದ್ದೆ. ಆಗ ನನಗೆ ಇಪ್ಪತ್ತೊಂದು. ಐದು ವರ್ಷ ಎಷ್ಟು ಉದ್ದ ಎಂಬುದು ಆ ವಯಸ್ಸಿಗೆ ತಿಳಿಯುವಂಥದ್ದಲ್ಲ. ಮೆಟ್ಟಿಲಿಳಿದು ಮೌಂಟ್ ರೋಡಿನ ಬಿಸಿಲಿಗೆ ಬಂದಾಗ ನನಗೆ ಅನಿಸಿದ್ದು ಒಂದೇ: ಅಪ್ಪನಿಗೆ ಎಷ್ಟು ಬೇಗ ಹೇಳಲಿ.

ಅಪ್ಪ ರೈಲ್ವೆಯ ಗೂಡ್ಸ್ ಯಾರ್ಡಿನ ಆಫೀಸಿನಲ್ಲಿ ಗುಮಾಸ್ತರು. ನಾನು ಇನ್ನೂ ಅವ್ವನ ಸೊಂಟದ ಮೇಲಿದ್ದಾಗ ಹುಬ್ಬಳ್ಳಿಯಿಂದ ಮದರಾಸಿಗೆ ವರ್ಗವಾಗಿ ಬಂದವರು. ನಾವಿದ್ದದ್ದು ರಾಯಪುರಂನಲ್ಲಿ, ಗೂಡ್ಸ್ ಗಾಡಿಗಳನ್ನು ಜೋಡಿಸುವ ಸದ್ದು ಹಗಲೆಲ್ಲ ಕೇಳುವ ಒಂದು ಓಣಿಯಲ್ಲಿ. ಬೆಳಿಗ್ಗೆ ಕಾಸಿಮೇಡಿನ ಮೀನು ಬಂದರಿನ ಕಡೆಯಿಂದ ಗಾಳಿ ಬೀಸಿದರೆ ಅವ್ವ ಮೂಗಿಗೆ ಸೆರಗು ಹಿಡಿದು ಲೋಬಾನ ಹಾಕುತ್ತಿದ್ದಳು. ಅಪ್ಪನಿಗೆ ಆ ವಾಸನೆಯ ಪರಿವೆಯೇ ಇರುತ್ತಿರಲಿಲ್ಲ. ಅವರು ಆ ಹೊತ್ತಿನಲ್ಲಿ ಹೊಸ್ತಿಲ ಬಳಿ ಕೂತು ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ಪ್ಯಾರಾ ಅವರು ಓದುವುದು, ಮುಂದಿನದನ್ನು ನಾನು. ಐದನೆಯ ಕ್ಲಾಸಿನಿಂದ ಶುರುವಾದ ಈ ಪಾಠ ನಾನು ಕಾಲೇಜು ಮುಗಿಸುವವರೆಗೂ ನಡೆಯಿತು. ನನಗೆ ಬರುತ್ತಿದ್ದ ಇಂಗ್ಲಿಷ್ ಅಪ್ಪನದು.

ನಾನು ಸೇರಿದ ಕಂಪನಿಯ ಹೆಡ್ ಆಫೀಸು ಲಂಡನ್ನಿನಲ್ಲಿತ್ತು. ಹಲವು ದೇಶಗಳಲ್ಲಿ ಶಾಖೆಗಳಿದ್ದವು. ಎಪ್ಪತ್ತರ ದಶಕದ ಕೊನೆ. ಗಲ್ಫಿಗೆ ಹೋಗುವವರ ಗುಂಪುಗುಂಪೇ ಆಗ ಮದರಾಸಿನಲ್ಲಿತ್ತು. ನರ್ಸುಗಳು, ಫಿಟ್ಟರುಗಳು, ಹಡಗಿನಲ್ಲಿ ಅಡುಗೆ ಮಾಡುವವರು, ಎಲ್ಲರಿಗೂ ಇಂಗ್ಲಿಷ್ ಮಾತು ಬೇಕಾಗಿತ್ತು. ಕಂಪನಿ ಅದನ್ನು ಯಂತ್ರದಿಂದ ಕಲಿಸುತ್ತಿತ್ತು. ಮೂರನೆಯ ಮಹಡಿಯಲ್ಲಿ ಒಂದು ದೊಡ್ಡ ಕೋಣೆ. ಕಿಟಕಿಗಳನ್ನು ಹಲಗೆ ಹೊಡೆದು ಮುಚ್ಚಿ, ಗೋಡೆಗೆಲ್ಲ ಕಾರ್ಪೆಟ್ ಅಂಟಿಸಿದ್ದರು. ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡುಗಳು; ಗೂಡಿಗೊಬ್ಬ ವಿದ್ಯಾರ್ಥಿ, ಕಿವಿಗೆ ಹೆಡ್‌ಫೋನ್. ಎದುರಿನ ಎತ್ತರದ ಮೇಜಿನಲ್ಲಿ ನನ್ನಂಥ ಟೀಚರ್ ಕೂತು ಟೇಪ್ ಓಡಿಸಬೇಕು. ಗುಂಡಿಗಳನ್ನು ಒತ್ತಿ ಒಬ್ಬೊಬ್ಬರ ಗೂಡಿನ ಒಳಗಿನ ಮಾತನ್ನು ಕದ್ದು ಕೇಳಿ, ಮೈಕಿನಲ್ಲಿ ತಿದ್ದಬೇಕು. ಎ.ಸಿ. ಎಷ್ಟು ತಣ್ಣಗಿತ್ತೆಂದರೆ ಮೇ ತಿಂಗಳಲ್ಲೂ ನಾನು ಸ್ವೆಟರ್ ಒಯ್ಯುತ್ತಿದ್ದೆ. ಕೋಣೆಗೆ ಹೋದರೆ ಹೊರಗೆ ಮಳೆಯೋ ಬಿಸಿಲೋ ಗೊತ್ತಾಗುತ್ತಿರಲಿಲ್ಲ.

ಗಾಜಿನ ಬಾಗಿಲಿನಿಂದ ಒಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿರಲಿಲ್ಲ. ವಿದ್ಯಾರ್ಥಿಗಳಿಗಷ್ಟೇ ಅಲ್ಲ, ನಮಗೂ. ಮ್ಯಾನೇಜರ್ ಕೋಣೆಯಲ್ಲಿ ಇನ್ನೊಂದು ಹೆಡ್‌ಫೋನ್ ಇತ್ತು. ನಾವು ವಿದ್ಯಾರ್ಥಿಗಳನ್ನು ಕೇಳುವ ಹಾಗೆ ಅವರು ನಮ್ಮನ್ನು ಕೇಳಬಹುದಾಗಿತ್ತು. ಯಾವಾಗ ಕೇಳುತ್ತಾರೆ ಎಂಬುದಕ್ಕೆ ಗುರುತೇನೂ ಇರಲಿಲ್ಲ. ಅವರು ಒಮ್ಮೆಯೂ ದನಿ ಎತ್ತಿದವರಲ್ಲ. ಸಂಜೆ ಹೋಗುವಾಗ ಬಾಗಿಲ ಬಳಿ ನಿಂತು, "ಮಧ್ಯಾಹ್ನ ಹನ್ನೊಂದನೆಯ ಬೂತಿನವನಿಗೆ ಹೇಳುವಾಗ ನಿಮಗೆ ಬೇಸರ ಬಂದಿತ್ತು, ಅಲ್ಲವೇ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಆಮೇಲಾಮೇಲೆ ನಾನು ಬಚ್ಚಲಿಗೆ ಹೋದರೂ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ ಉಸಿರು ಸಣ್ಣದು ಮಾಡುವುದನ್ನು ಕಲಿತೆ.

ಮೊದಲ ವರ್ಷ ಮುಗಿಯುವಷ್ಟರಲ್ಲಿ ಲಂಡನ್ನಿನಿಂದ ಒಬ್ಬ ಹೆಂಗಸು ಬಂದರು. ಬಿಳಿಗೂದಲು, ಮೆದುಮಾತು, ಹೋದಲ್ಲೆಲ್ಲ ಎಳನೀರು ಕೇಳುತ್ತಿದ್ದರು. ಹೊಸ ಕೋರ್ಸಿನ ಟೇಪುಗಳಿಗೆ ದನಿ ಹುಡುಕುತ್ತಿದ್ದೇನೆ ಎಂದು ಎಲ್ಲ ಟೀಚರುಗಳಿಂದಲೂ ಒಂದೇ ಪುಟ ಓದಿಸಿದರು. ಕೇಳಿದವರೇ ನನ್ನ ಕೈ ಹಿಡಿದುಕೊಂಡರು.

"ನನಗೆ ನಿನ್ನ ದನಿಯೇ ಬೇಕು. ಎಷ್ಟು ಸ್ಪಷ್ಟ, ಎಷ್ಟು ಸಹಜ! ಏನನ್ನೂ ಬದಲಾಯಿಸಬೇಡ, ನಿನಗೆ ಬಂದ ಹಾಗೆ ಓದು."

ಎರಡು ದಿನ ಓದಿದೆ. ಮುದುಕನೊಬ್ಬ ಮೊಟ್ಟೆ ಮಾತ್ರ ತಿನ್ನುತ್ತಾನೆ ಎಂಬಂಥ, ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳು. ಮನೆಯಲ್ಲಿ ಅದನ್ನು ಹೇಳಿದರೆ ಅವ್ವ, "ತತ್ತಿ ಸುದ್ದಿ ಬಿಟ್ಟು ಬ್ಯಾರೆ ಏನೂ ಸಿಗಲಿಲ್ಲೇನ ಅವರಿಗೆ?" ಎಂದು ನಕ್ಕಳು. ನಕ್ಕರೂ ಆ ಭಾನುವಾರ ಹೋಳಿಗೆ ಮಾಡಿದಳು. ಅಪ್ಪ ತಮ್ಮ ಆಫೀಸಿನಲ್ಲಿ ಮಗಳ ದನಿ ಲಂಡನ್ನಿಗೆ ಹೋಗಿದೆ ಎಂದು ಎಲ್ಲರಿಗೂ ಹೇಳಿ ಬಂದರು.

ಟೇಪುಗಳು ಬಂದದ್ದು ಎಷ್ಟೋ ತಿಂಗಳ ಮೇಲೆ. ಹೊಸ ಬ್ಯಾಚಿಗೆ ಮೊದಲ ಸಲ ಅದನ್ನು ಹಾಕುವ ಕೆಲಸ ನನಗೇ ಬಂತು. ಗಂಡಸಿನ ಭಾರವಾದ ದನಿಯೊಂದು, "ಈಗ ಕೇಳಿ. ಹೀಗೆ ಹೇಳಬಾರದು" ಎಂದಿತು. ಆಮೇಲೆ ನಾನು. "ದಿ ವೋಲ್ಡ್ ಮ್ಯಾನ್ ವೋನ್ಲಿ ಈಟ್ಸ್ ಯೆಗ್ಸ್." ಟಿಂಗ್ ಎಂದು ಗಂಟೆ. "ಹೀಗೆ ಹೇಳಬೇಕು" ಎಂದು ಆ ಗಂಡಸು. ಆಮೇಲೆ ಒಬ್ಬ ಇಂಗ್ಲಿಷ್ ಹುಡುಗಿ ಅದೇ ವಾಕ್ಯವನ್ನು ನೀರು ಸುರಿದ ಹಾಗೆ ಹೇಳಿದಳು. ಮತ್ತೆ ಗಂಡಸು, ಮತ್ತೆ ನಾನು, ಮತ್ತೆ ಟಿಂಗ್.

ಗೂಡುಗಳಲ್ಲಿ ನಗು ಎದ್ದಿತು. ಯಾರೂ ನನ್ನನ್ನು ನೋಡಿ ನಗುತ್ತಿರಲಿಲ್ಲ. ಅದು ನಾನೆಂದು ಅವರಿಗೆ ಗೊತ್ತೇ ಇರಲಿಲ್ಲ. ಓದಿಕೊಟ್ಟ ಮೇಲಿನ ಅಷ್ಟು ತಿಂಗಳಲ್ಲಿ ನನ್ನ ನಾಲಗೆ ಆ ಕೋಣೆಗೆ ತಕ್ಕಂತೆ ಹೊರಳಿತ್ತು. ನಾನು ಟೇಪ್ ನಿಲ್ಲಿಸಲಿಲ್ಲ. ನಿಲ್ಲಿಸುವುದಕ್ಕೆ ಅಪ್ಪಣೆ ಇರಲಿಲ್ಲ. ಪಾಠ ಮುಗಿದ ಮೇಲೆ ಮ್ಯಾನೇಜರ್ ಕೋಣೆಗೆ ಹೋದೆ.

"ಸರ್, ತಪ್ಪು ತೋರಿಸುವುದಕ್ಕೆ ನನ್ನನ್ನು ಓದಿಸುತ್ತಿದ್ದಾರೆ ಅಂತ ಯಾರೂ ಹೇಳಲಿಲ್ಲ."

"ಹೇಳಿದ್ದರೆ ನೀವು ಸಹಜವಾಗಿ ಓದುತ್ತಿರಲಿಲ್ಲ" ಎಂದರು ಅವರು. "ಇದರಲ್ಲಿ ವೈಯಕ್ತಿಕವೇನೂ ಇಲ್ಲ. ಎಲ್ಲ ಶಾಖೆಗಳಲ್ಲೂ ನಿಮ್ಮನ್ನು ಕೇಳುತ್ತಾರೆ. ಹೆಮ್ಮೆಪಡಿ."

ಅಂದಿನಿಂದ ಪ್ರತಿ ಬ್ಯಾಚಿಗೂ ನಾನು ನನ್ನನ್ನು ಹಾಕಿ ಕೂರಬೇಕಾಯಿತು. ಬೆಳಿಗ್ಗೆ ಒಂದು ನಗು, ಮಧ್ಯಾಹ್ನ ಒಂದು, ಸಂಜೆ ಒಂದು. ಹೆಡ್‌ಫೋನ್ ತೆಗೆದಿಟ್ಟರೆ ಮ್ಯಾನೇಜರಿಗೆ ತಿಳಿಯುತ್ತದೆ ಎಂಬ ಭಯಕ್ಕೆ ಕಿವಿಯ ಮೇಲೇ ಇಟ್ಟುಕೊಂಡು, ಮನಸ್ಸಿನಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಮಾತ್ರ, ಟೇಪು ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿದೆ.

ಒಂದು ಬೇಸಿಗೆಯ ಮಧ್ಯಾಹ್ನ ಆ ಪಾಠ ನಡೆಯುತ್ತಿದ್ದಾಗಲೇ ಕರೆಂಟು ಹೋಯಿತು. ಟೇಪಿನಲ್ಲಿದ್ದ ನನ್ನ ದನಿ ಎಳೆದುಕೊಂಡು, ಗಂಡಸಿನದಾಗಿ, ಎಮ್ಮೆಯದಾಗಿ, ನಿಂತುಹೋಯಿತು. ಕತ್ತಲೆ. ಆಮೇಲೆ ಎಲ್ಲ ಗೂಡುಗಳಿಂದಲೂ ಒಟ್ಟಿಗೆ ತಮಿಳು ಹೊರಟಿತು. ಬಾಡಿಗೆ, ವೀಸಾ, ತಂಗಿಯ ಮದುವೆ, ಸೆಖೆ, ಬೈಗುಳ, ಎಲ್ಲ. ಕಾರ್ಪೆಟ್ಟಿನ ಗೋಡೆಗಳಿಂದ ಬಿಸಿ ಹೊಮ್ಮತೊಡಗಿತು. ಹತ್ತಿರದ ಗೂಡಿನಿಂದ ಒಬ್ಬಳು ತಡವರಿಸಿಕೊಂಡು ಬಂದು ನನ್ನ ಮೇಜಿಗೆ ಒರಗಿ ನಿಂತಳು. ಕುವೈತಿಗೆ ಹೊರಟಿದ್ದ ನರ್ಸು. ಅವಳ ಅಪ್ಪ ಕಾಸಿಮೇಡಿನಲ್ಲಿ ಮೀನಿನ ಏಲಂ, ಅಂದರೆ ಹರಾಜು ಕೂಗುವವರು ಎಂದು ಮೊದಲ ದಿನವೇ ಇಂಗ್ಲಿಷಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು.

"ಅಕ್ಕಾ, ಅದು ನೀಂಗ ದಾನೇ?" ಎಂದಳು. ನೀವೇ ತಾನೇ ಅದು?

ಹೌದೆಂದು ಹೇಳಿದೆ, ತಮಿಳಿನಲ್ಲೇ. ಆ ಕೋಣೆಯಲ್ಲಿ ನಾನಾಡಿದ ಮೊದಲ ತಮಿಳು ಮಾತು ಅದು.

"ನಿಮಗೆ ಹೇಗೆ ಗೊತ್ತಾಯಿತು?"

"ನೀವು ಮಾತು ಮುಗಿಸುವಾಗ ಒಂಚೂರು ಮೇಲಕ್ಕೆತ್ತುತ್ತೀರಲ್ಲ, ಅದು ಇನ್ನೂ ಹೋಗಿಲ್ಲ ಅಕ್ಕಾ. ಚಿಕ್ಕಂದಿನಿಂದ ಏಲಂ ಕೇಳಿ ಬೆಳೆದವಳು ನಾನು." ಕತ್ತಲಲ್ಲಿ ಅವಳು ನಕ್ಕಳು. "ನಿಜ ಹೇಳಲಾ? ನಿಮ್ಮದು ನನಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಆ ಹುಡುಗಿಯದು ಎರಡು ಸಲ ಕೇಳಬೇಕು."

ನಾನೂ ನಕ್ಕೆ. ಗಟ್ಟಿಯಾಗಿ ನಕ್ಕೆ. ಅವಳ ಮನೆ, ನನ್ನ ಮನೆ ಎರಡೂ ಒಂದೇ ಬಸ್ಸಿನ ದಾರಿ ಎಂದು ಮಾತಾಡಿಕೊಳ್ಳುತ್ತಿರುವಾಗ ದೀಪ ಬಂತು. ಟೇಪು ಎಮ್ಮೆಯ ದನಿಯಿಂದ ಮೇಲೆದ್ದು ಮತ್ತೆ ನಾನಾಯಿತು. ಎಲ್ಲರೂ ಗೂಡಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡರು.

ಸಂಜೆ ಮ್ಯಾನೇಜರ್ ಕರೆದರು. "ಕರೆಂಟ್ ಇಲ್ಲದಾಗಲೂ ನಿಯಮ ಇರುತ್ತದೆ" ಎಂದರು. ಕರೆಂಟು ಹೋದಾಗ ಅವರ ಹೆಡ್‌ಫೋನೂ ಸತ್ತಿತ್ತು. ಆದ್ದರಿಂದ ಅವರು ಎದ್ದು ಬಂದು ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದರು. ಅದನ್ನು ಅವರು ಸಂಕೋಚವಿಲ್ಲದೆ, ತಾವು ಮಾಡಿದ ಒಂದು ಕರ್ತವ್ಯವೆಂಬಂತೆ ಹೇಳಿದರು. ಮರುವಾರ ಆ ನರ್ಸನ್ನು ಬೇರೆ ಟೀಚರ ಬ್ಯಾಚಿಗೆ ಹಾಕಿದರು. ಅವಳು ಕುವೈತಿಗೆ ಹೋಗುವ ಮುಂಚೆ ಒಮ್ಮೆ ಬಸ್ಸಿನಲ್ಲಿ ಸಿಕ್ಕಿದ್ದಳು. ನನ್ನ ಪಕ್ಕದಲ್ಲಿ ಕೂತು, ದಾರಿಯುದ್ದಕ್ಕೂ ತಾನೇ ಮಾತಾಡಿದಳು. ಆಫೀಸಿನಿಂದ ಅಷ್ಟು ದೂರ ಬಂದಿದ್ದರೂ ನಾನು ಹಿಂದಿನ ಸೀಟಿನತ್ತ ಒಂದೆರಡು ಸಲ ತಿರುಗಿ ನೋಡಿದೆ.

ಹೇಗಾದರೂ ಹೊರಗೆ ಹೋಗಬೇಕೆಂದು ಬ್ಯಾಂಕಿನ ಪರೀಕ್ಷೆ ಬರೆದೆ. ಪಾಸಾಯಿತು. ಇಂಟರ್‌ವ್ಯೂಗೆ ಮೂಲ ಸರ್ಟಿಫಿಕೇಟು ತರಬೇಕೆಂದಿತ್ತು. ಮ್ಯಾನೇಜರನ್ನು ಒಂದೇ ಒಂದು ದಿನಕ್ಕೆ ಕೊಡಿ ಎಂದು ಕೇಳಿಕೊಂಡೆ. "ಬಾಂಡು ಮುಗಿಯಲಿ, ಸಂತೋಷದಿಂದ ಕೊಡುತ್ತೇನೆ. ನಿಮ್ಮ ಭವಿಷ್ಯ ನನಗೂ ಮುಖ್ಯ" ಎಂದರು. ನಕಲುಗಳನ್ನೇ ಹಿಡಿದು ಹೋದೆ. ಬ್ಯಾಂಕಿನವರು ಒಳ್ಳೆಯವರು. "ಸಂಜೆ ಮುಚ್ಚುವುದರೊಳಗೆ ಮೂಲ ತಂದರೆ ಆಯಿತಮ್ಮ" ಎಂದು ಕಾಲ ಕೊಟ್ಟರು. ಬಸ್ಸು ಹಿಡಿದು ಓಡಿಬಂದೆ. ಮ್ಯಾನೇಜರ್ ಊಟ ಮುಗಿಸಿ ಹಾಗೇ ಹೊರಗೆಲ್ಲೋ ಹೋಗಿದ್ದರು, ಕೀಲಿ ಅವರ ಜೇಬಿನಲ್ಲಿತ್ತು. ಆ ಖಾಲಿ ಕೋಣೆಯಲ್ಲಿ ಬೀರುವಿನ ಮುಂದೆ ನಿಂತೆ. ಹಸಿರು ಬಣ್ಣದ ತಗಡು. ಅದರಾಚೆ ನಾನು ಓದಿದ್ದೆಲ್ಲ ಇತ್ತು. ಹಿಡಿಯನ್ನು ಹಿಡಿದು ಒಮ್ಮೆ ಎಳೆದೆ. ಎಳೆಯುವಾಗಲೇ ಯಾರಾದರೂ ಕಂಡಾರು ಎಂದು ಕೈ ಬಿಟ್ಟೆ. ಅವರು ಬರುವಷ್ಟರಲ್ಲಿ ಬ್ಯಾಂಕು ಮುಚ್ಚುವ ಹೊತ್ತಾಗಿತ್ತು. "ಇನ್ನೂ ಇಲ್ಲೇ ಇದ್ದೀರಾ? ಇವತ್ತು ರಜೆ ಹಾಕಿದ್ದಿರಲ್ಲ" ಎಂದರು.

ಎಂಬತ್ತರ ದಶಕ ಶುರುವಾಗಿತ್ತು. ಕಂಪನಿ ಒಂದು ವಾರ್ಷಿಕೋತ್ಸವ ಮಾಡಿ ಸಿಬ್ಬಂದಿಯ ಮನೆಯವರನ್ನೆಲ್ಲ ಕರೆಯಿತು. ಅಪ್ಪನಿಗೆ ಹೇಳದೆ ಇರೋಣವೆಂದುಕೊಂಡಿದ್ದೆ. ಆದರೆ ಕರೆಯೋಲೆ ನೇರ ಮನೆಗೇ ಬಂತು. ಅಪ್ಪ ತಮ್ಮ ಕ್ಲೋಸ್‌ಕೋಟು ಇಸ್ತ್ರಿ ಮಾಡಿಸಿಕೊಂಡು ಬಂದರು. ಮೊದಲ ಸಾಲಿನಲ್ಲೇ ಕೂತರು. ಪಾಠ ಹೇಗೆ ನಡೆಯುತ್ತದೆಂದು ತೋರಿಸಲು ಮ್ಯಾನೇಜರ್ ಟೇಪನ್ನು ಲೌಡ್‌ಸ್ಪೀಕರಿನಲ್ಲಿ ಹಾಕಿಸಿದರು. ಹೀಗೆ ಹೇಳಬಾರದು. "ದಿ ವೋಲ್ಡ್ ಮ್ಯಾನ್..." ಸಭೆಯೆಲ್ಲ ಗೊಳ್ಳೆಂದಿತು. ಅಪ್ಪ ಮಾತ್ರ ತಲೆಯನ್ನು ಒಂದಿಷ್ಟು ವಾರೆ ಮಾಡಿ, ಪರಿಚಯದವರು ಕರೆದಾಗ ಕೇಳಿಸಿಕೊಳ್ಳುವ ಹಾಗೆ ಕೇಳುತ್ತಿದ್ದರು. ಟಿಂಗ್ ಎಂದಾಗ ಬೆಚ್ಚಿದರು.

ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪ ಟಿಕೆಟ್ಟನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಕೇಳಿದರು:

"ಅದು ನಿಂದ ದನಿ ಅಲ್ಲೇನವಾ?"

"ಹೂಂ ಅಪ್ಪಾ."

"ಅದರಾಗ ತಪ್ಪೇನಿತ್ತು? ನನಗ ತಿಳೀಲಿಲ್ಲ."

"ವೋಲ್ಡ್ ಅನಬಾರದಂತ. ಓಲ್ಡ್ ಅನಬೇಕಂತ. ಯೆಗ್ ಅನಬಾರದು, ಎಗ್ ಅನಬೇಕು."

ಅಪ್ಪ ತುಟಿಯಲ್ಲೇ ಎರಡು ಸಲ ಅಂದು ನೋಡಿದರು. "ನಾನೂ ಹಂಗ ಅಂತೀನಲ್ಲ" ಎಂದರು.

ನಾನು ಕಿಟಕಿಯ ಕಡೆ ತಿರುಗಿದೆ.

"ಅಂದ್ರ ಅವರು ನಕ್ಕಿದ್ದು ನನಗ. ನೀ ಯಾಕ ಮುಖ ಸಣ್ಣದ ಮಾಡ್ತಿ? ನಂದು ನಾ ನೋಡ್ಕೊಂತೀನಿ ಬಿಡು."

ತಮಾಷೆಯ ಹಾಗೇ ಹೇಳಿದರು. ಆದರೆ ಮರುದಿನ ಬೆಳಿಗ್ಗೆ ಹೊಸ್ತಿಲ ಬಳಿ ಕೂತು ಪೇಪರನ್ನು ಬಾಯಿ ಮುಚ್ಚಿ ಓದಿದರು. ಅವ್ವ ಒಳಗಿನಿಂದ, "ಯಾಕ, ಗಂಟಲ ಕಟ್ಟೈತೇನು?" ಎಂದು ಕೇಳಿದಳು. ಅಪ್ಪ ಕೈಯಾಡಿಸಿದರು. ಅದರ ಮೇಲೆ ಅವರು ಆ ಮನೆಯಲ್ಲಿ ಮತ್ತೆ ಇಂಗ್ಲಿಷನ್ನು ಗಟ್ಟಿಯಾಗಿ ಓದಿದ್ದು ನಾನು ಕೇಳಲಿಲ್ಲ.

ನಾನು ಆ ಪಾಠವನ್ನು ಬಿಟ್ಟು ಮುಂದಿನದನ್ನು ಹಾಕತೊಡಗಿದೆ. ವಾರ ಕಳೆಯುವುದರೊಳಗೆ ಮೆಮೋ ಬಂತು. ಆ ಭಾಗವನ್ನು ತೆಗೆದುಹಾಕಿ ಎಂದು ಕೇಳಿದ್ದಕ್ಕೆ, "ಟೇಪು ಲಂಡನ್ನಿನದು, ನನ್ನ ಕೈಯಲ್ಲಿಲ್ಲ" ಎಂದರು ಮ್ಯಾನೇಜರ್. ಮತ್ತೆ ಹಾಕಿದೆ. ಬೇರೇನು ಮಾಡಬಹುದಿತ್ತು? ಬಾಂಡಿನಲ್ಲಿ ಉಳಿದಿದ್ದ ಆ ಎರಡು ವರ್ಷ ನಾನು ಯಾರ ಜೊತೆಯೂ ಹೆಚ್ಚು ಮಾತಾಡಿದ ನೆನಪಿಲ್ಲ. ಬಾಯಿಗೆ ಬಂದ ಪದವನ್ನು ಮೊದಲು ಒಳಗೇ ಒಂದು ಸಲ ಕೇಳಿಸಿಕೊಂಡು, ಸರಿಯಿದೆಯೆನಿಸಿದರೆ ಹೊರಗೆ ಬಿಡುವುದು ಅಭ್ಯಾಸವಾಗಿತ್ತು. ಕನ್ನಡವನ್ನೂ ಹಾಗೇ ಆಡತೊಡಗಿದ್ದೆ. ಅನ್ನ ಬಡಿಸುತ್ತ ಅವ್ವ, "ಇಷ್ಟ ಯೋಚನೆ ಮಾಡಿ ಸಾರು ಬೇಕನ್ನೂದೇನೈತಿ?" ಎಂದು ರೇಗುತ್ತಿದ್ದಳು. ಮನೆಯಲ್ಲಿ ಯಾವಾಗಲೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ನನ್ನ ತಮ್ಮ, ಅಕ್ಕ ಮನೆಯಲ್ಲೂ ಆಫೀಸು ನಡೆಸುತ್ತಾಳೆ ಎಂದು ಅಣಕಿಸುತ್ತಿದ್ದ.

ಬಾಂಡು ಮುಗಿಯುವ ತಿಂಗಳಿಗೆ ಸರಿಯಾಗಿ ಆ ಬಿಳಿಗೂದಲಿನ ಹೆಂಗಸು ಮತ್ತೆ ಬಂದರು. ನನ್ನಿಂದ ಎರಡು ಪುಟ ಓದಿಸಿ ಕಣ್ಣರಳಿಸಿದರು.

"ಎಷ್ಟು ದೂರ ಬಂದಿದ್ದೀಯ! ಈಗ ಸರಿಯಾದ ದನಿಯನ್ನೂ ನೀನೇ ಓದಬೇಕು. ತಪ್ಪೂ ನೀನೇ, ಸರಿಯೂ ನೀನೇ. ಒಬ್ಬಳೇ ಹುಡುಗಿ, ಮೊದಲು ಮತ್ತು ಆಮೇಲೆ. ನಮ್ಮ ಕೋರ್ಸಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?"

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿಜವಾಗಿಯೂ ನನ್ನ ಬಗ್ಗೆ ಖುಷಿಪಟ್ಟಿದ್ದರು. ಲಂಡನ್ನಿನಲ್ಲಿ ಆರು ತಿಂಗಳ ತರಬೇತಿ, ವಾಪಸು ಬಂದ ಮೇಲೆ ಸೂಪರ್‌ವೈಸರ್ ಹುದ್ದೆ. ಮ್ಯಾನೇಜರ್ ಹೊಸ ಬಾಂಡನ್ನು ಮೇಜಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಒಂದು ದಿನ ಯೋಚಿಸುತ್ತೇನೆ ಎಂದೆ.

ಅಪ್ಪನಿಗೆ ಇನ್ನೊಂದು ವರ್ಷಕ್ಕೆ ರಿಟೈರ್‌ಮೆಂಟ್. ತಮ್ಮ ಇನ್ನೂ ಓದುತ್ತಿದ್ದ. ಎಲ್ಲವನ್ನೂ ಹೇಳಿದೆ. ಅಪ್ಪ ಎಲೆ ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದರು:

"ಲಂಡನ್ ಅಂದ್ರ ಸಣ್ಣ ಮಾತಲ್ಲ. ನಿನಗ ಹೆಂಗನಸ್ತೈತಿ?"

"ಉಸರು ಕಟ್ಟತೈತಿ ಅಪ್ಪಾ."

"ಈಗೋ, ಮೊದಲಿಂದಾನೋ?"

"ಮೊದಲಿಂದ."

"ಹಂಗಾದ್ರ ಬ್ಯಾಡ" ಎಂದರು. ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಪ್ಪನ ಮುಖ ನೋಡಿ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬಾಂಡು ಬೇಡ, ನನ್ನ ಕಾಗದ ಕೊಡಿ ಎಂದೆ. ಮ್ಯಾನೇಜರ್ ಆಗಲಿ ಎಂದರು. ಕೊಡಲಿಲ್ಲ. ಒಂದು ದಿನ ಕೀಲಿ ಮನೆಯಲ್ಲಿ ಉಳಿದಿತ್ತು. ಇನ್ನೊಂದು ದಿನ ಹೆಡ್ ಆಫೀಸಿನ ಅಪ್ಪಣೆ ಬರಬೇಕಾಗಿತ್ತು. ಮಗದೊಂದು ದಿನ, "ಆತುರದಲ್ಲಿ ತೀರ್ಮಾನ ಮಾಡಬೇಡಿ" ಎಂದು ಕಾಫಿ ತರಿಸಿಕೊಟ್ಟರು. ನಾನು ಆ ಮೆದುದನಿಯ ಎದುರು ಪ್ರತಿಸಲವೂ "ಯೆಸ್ ಸರ್" ಎಂದು ಎದ್ದು ಬರುತ್ತಿದ್ದೆ. ಅಪ್ಪ ಕೊನೆಗೆ, "ನಾಳೆ ನಾನೂ ಬರ್ತೀನಿ" ಎಂದರು.

ಅಪ್ಪ ಬಂದವರು ಮ್ಯಾನೇಜರ್ ಎದುರಿನ ಕುರ್ಚಿಯಲ್ಲಿ ಕೂತು, ಕೊಡೆಯನ್ನು ಮೊಣಕಾಲ ನಡುವೆ ಇಟ್ಟುಕೊಂಡು, ಕನ್ನಡದಲ್ಲಿ ಹೇಳಿದರು:

"ನನ್ನ ಮಗಳ ಕಾಗದ ಕೊಡ್ರಿ."

ಮ್ಯಾನೇಜರ್ ನನ್ನನ್ನು ನೋಡಿದರು. "ದಯವಿಟ್ಟು ಇಂಗ್ಲಿಷಿನಲ್ಲಿ ಹೇಳಲು ಹೇಳಿ."

"ಅವರಿಗೆ ಇಂಗ್ಲಿಷ್ ಬರುತ್ತದೆ ಸರ್" ಎಂದೆ.

"ನನ್ನ ಮಗಳ ಕಾಗದ ಕೊಡ್ರಿ" ಎಂದರು ಅಪ್ಪ, ಮತ್ತೂ ಗಟ್ಟಿಯಾಗಿ. ಮೂವತ್ತು ವರ್ಷ ರೈಲ್ವೆಯಲ್ಲಿದ್ದ ದನಿ ಅದು. ಹಳಿಯ ಆ ಕಡೆಯವರನ್ನು ಕರೆಯುವ ದನಿ. ಪಕ್ಕದ ಕೋಣೆಯ ಬಾಗಿಲು ತೆರೆದುಕೊಂಡಿತು. ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡ ಇಬ್ಬರು ಮೂವರು ವಿದ್ಯಾರ್ಥಿಗಳು ಇಣುಕಿದರು. ಟೈಪಿಸ್ಟ್ ಬೆರಳು ನಿಲ್ಲಿಸಿದಳು. ಮ್ಯಾನೇಜರ್ ಏನೋ ಸಮಾಧಾನ ಹೇಳತೊಡಗಿದರು: ನಿಯಮ, ಲಂಡನ್, ಮುಂದಿನ ವಾರ. ಅವರು ಮಾತು ಮುಗಿಸಿದ ಮೇಲೆ ಅಪ್ಪ ಅದೇ ನಾಲ್ಕು ಪದಗಳನ್ನು ಮತ್ತೆ ಹೇಳಿದರು. ಸಿಟ್ಟಿರಲಿಲ್ಲ. ಕೇಳಿಸದವರಿಗೆ ಕೇಳಿಸುವಂತೆ ಹೇಳುತ್ತಿದ್ದರು ಅಷ್ಟೇ.

ಮ್ಯಾನೇಜರ್ ತೆರೆದ ಬಾಗಿಲ ಕಡೆ ನೋಡಿದರು. ಜೇಬಿಗೆ ಕೈ ಹಾಕಿದರು. ಕೀಲಿ ಅಲ್ಲೇ ಇತ್ತು.

ಬ್ಯಾಂಕಿನ ಪರೀಕ್ಷೆಗಳಿಗೆ ಅಷ್ಟರಲ್ಲಿ ನನ್ನ ವಯಸ್ಸು ಮೀರಿತ್ತು. ಕೆಲವು ತಿಂಗಳು ಮನೆಯಲ್ಲಿ ಕೂತೆ. ಅಪ್ಪ ರಿಟೈರ್ ಆದರು. ನನ್ನ ಆ ಟೇಪು ಇನ್ನೂ ಕೆಲವು ವರ್ಷ ಓಡುತ್ತಲೇ ಇತ್ತು ಎಂದು ಹಳೆಯ ಸಹೋದ್ಯೋಗಿಯೊಬ್ಬಳು ಹೇಳಿದಳು. ಅದನ್ನು ಅಳಿಸುವ ದಾರಿ ನನಗೆ ಯಾವತ್ತೂ ಸಿಗಲಿಲ್ಲ.

ಕೊನೆಗೆ ತಿರುವೊಟ್ಟಿಯೂರಿನ ಒಂದು ಸಣ್ಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆಯವರ, ದೋಣಿಯವರ ಮಕ್ಕಳು. ಹೆಡ್‌ಮಿಸ್ಟ್ರೆಸ್ ನನ್ನ ಕಾಗದಗಳನ್ನು ಮಗುಚಿ ನೋಡಿ ಕೇಳಿದ್ದು ಒಂದೇ: "ಕೊನೇ ಬೆಂಚಿಗೆ ಕೇಳಿಸುತ್ತಾ?" ರಸ್ತೆಯಲ್ಲಿ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಕೇಳಿಸುತ್ತದೆ ಎಂದೆ. ಕೇಳಿಸಲಿಲ್ಲ. ವರ್ಷಗಟ್ಟಲೆ ಮೈಕಿಗೆ ಪಿಸುಗುಟ್ಟಿದ ಗಂಟಲು ಅದು. ಮೊದಲ ವಾರವೇ ಕೂಗಿ ಕೂಗಿ ಒಡೆದುಹೋಯಿತು. ಮನೆಗೆ ಬಂದರೆ ಮಾತೇ ಹೊರಡದು. ಅವ್ವ ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕುದಿಸಿದಳು. ಅಪ್ಪ ಲೋಟವನ್ನು ತಾವೇ ಹಿಡಿದುಕೊಂಡು ಬಂದು ಎದುರಿಗೆ ಕೂತರು. ಶನಿವಾರ, ಭಾನುವಾರ ಸನ್ನೆಯಲ್ಲೇ ಕಳೆದೆ. ಸೋಮವಾರ ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಮತ್ತೆ ಹೋದೆ.